ಅಮೆರಿಕದ ಸಮ್ಮರ್ ಕ್ಯಾಂಪು, ಕೆರೆ ಮತ್ತು ಈಜುಕೊಳ: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಬಂದರೆ ಸಾಕು, ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಸಮ್ಮರ್ ಕ್ಯಾಂಪಿನ ಮಾತು ಶುರು. ಯಾವ ಕ್ಯಾಂಪು, ಎಷ್ಟು ಫೀಸು, ಊಟಕ್ಕೆ ವೆಜ್ ಸಿಗುತ್ತಾ ಎಂದೆಲ್ಲ ವಿಚಾರಿಸಿ ಆದ ಮೇಲೆ ಎಲ್ಲರೂ ಬಂದು ನಿಲ್ಲುವುದು ನೀರಿನ ಹತ್ತಿರ. "ಅಲ್ಲಿ ಪೂಲ್ ಇದೆಯಂತೆ, ಮಗು ಹುಷಾರಾಗಿರುತ್ತಾ?" ಈ ಒಂದು ಪ್ರಶ್ನೆಯಿಂದ ಹತ್ತು ಪ್ರಶ್ನೆ ಹುಟ್ಟುತ್ತವೆ. ನನ್ನ ಇಬ್ಬರು ಮಕ್ಕಳು ಇಲ್ಲಿ ನ್ಯೂಜೆರ್ಸಿಯಿಂದ ಐದು ಬೇಸಿಗೆ ಕ್ಯಾಂಪಿಗೆ ಹೋಗಿದ್ದಾರೆ. ಮೊದಲ ವರ್ಷ ನನಗಿದ್ದ ಭಯ ಕಮ್ಮಿಯಾಗಿದ್ದು ಈ ಈಜುಕೊಳಗಳ ಕಥೆ ತಿಳಿದ ಮೇಲೆಯೇ. ಅಲ್ಲಿನ ಒಂದೊಂದು ರೂಲಿನ ಹಿಂದೆಯೂ ಯಾವುದೋ ಮನೆಯ ಮಗುವಿನ ನೆನಪಿದೆ. ಅದನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಕ್ಯಾಂಪುಗಳಲ್ಲಿ ಮೊದಲಿನಿಂದಲೂ ಸ್ವಿಮ್ಮಿಂಗ್ ಪೂಲ್ ಇತ್ತಾ?

ಇರಲಿಲ್ಲ. ಮೊದಲು ಇದ್ದಿದ್ದು ಕೆರೆ, ಹೊಳೆ, ಸಮುದ್ರ ಅಷ್ಟೇ.

1861ರಲ್ಲಿ ಕನೆಕ್ಟಿಕಟ್ ರಾಜ್ಯದ ಶಾಲಾ ಮೇಷ್ಟ್ರು ಫ್ರೆಡರಿಕ್ ಗನ್ ಮತ್ತು ಅವರ ಹೆಂಡತಿ ಅಬಿಗೇಲ್ ತಮ್ಮ ಶಾಲೆಯ ಹುಡುಗರನ್ನು ಸುಮಾರು 40 ಮೈಲಿ ನಡೆಸಿಕೊಂಡು ಸಮುದ್ರದ ದಂಡೆಗೆ ಹೋದರು. ಆಗಷ್ಟೇ ಅಂತರ್ಯುದ್ಧ ಶುರುವಾಗಿತ್ತು. ಹುಡುಗರಿಗೆ ಸಿಪಾಯಿಗಳ ಹಾಗೆ ಡೇರೆಯಲ್ಲಿ ಮಲಗುವ ಆಸೆ. ಎರಡು ವಾರ ದೋಣಿ ನಡೆಸಿದರು, ಮೀನು ಹಿಡಿದರು. ಅಮೆರಿಕದ ಮೊದಲ ಮಕ್ಕಳ ಶಿಬಿರ ಇದು ಅಂತ ಹೇಳುತ್ತಾರೆ. 1881ರಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬ ತರುಣ ನ್ಯೂಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದ ನಡುವೆ ಒಂದು ದ್ವೀಪದಲ್ಲಿ ಕ್ಯಾಂಪ್ ಕಟ್ಟಿದ. ಶ್ರೀಮಂತರ ಮನೆಯ ಹುಡುಗರು ಆಳುಕಾಳಿಲ್ಲದೆ ತಾವೇ ಅಡುಗೆ ಮಾಡಿ, ಪಾತ್ರೆ ತೊಳೆದು ಬದುಕುವುದನ್ನು ಕಲಿಯಲಿ ಎಂಬುದು ಅವನ ಹಟ. 1885ರಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ಸಮ್ನರ್ ಡಡ್ಲಿ ಏಳು ಹುಡುಗರನ್ನು ಕರೆದುಕೊಂಡು ನ್ಯೂಯಾರ್ಕ್ ರಾಜ್ಯದ ಒಂದು ಕೆರೆ ದಡಕ್ಕೆ ಹೋದರು. ಅದು ಕ್ಯಾಂಪ್ ಡಡ್ಲಿ. ಈಗಲೂ ಷಾಂಪ್ಲೇನ್ ಸರೋವರದ ದಡದಲ್ಲಿ ನಡೆಯುತ್ತಿದೆ.

ಇಲ್ಲಿನ ಲೇಕನ್ನು ಕೆರೆ ಅಂದುಬಿಡುತ್ತೇವೆ. ಆದರೆ ಇದು ಏರಿ, ತೂಬು ಇರುವ ನಮ್ಮ ಊರ ಕೆರೆ ಅಲ್ಲ. ಹಿಮದ ರಾಶಿ ಕೊರೆದು ಹೋದ ಆಳವಾದ ಹಳ್ಳ. ಜುಲೈ ತಿಂಗಳ ಬೆಳಗ್ಗೆಯೂ ಕಾಲಿಟ್ಟರೆ ಮೈ ಜುಂ ಅನ್ನುತ್ತದೆ.

ಈಜು ಕಲಿಸಲೇಬೇಕು ಅನ್ನುವ ಹಟ ಯಾವಾಗ ಬಂತು?

1904ರ ಜೂನ್ 15ರಂದು ನ್ಯೂಯಾರ್ಕ್‌ನ ಈಸ್ಟ್ ನದಿಯಲ್ಲಿ ಜನರಲ್ ಸ್ಲೋಕಮ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಂದು ಚರ್ಚಿನವರು ಪಿಕ್ನಿಕ್ಕಿಗೆ ಹೊರಟಿದ್ದರು. ಹಡಗಿನ ತುಂಬ ತಾಯಂದಿರು, ಮಕ್ಕಳು. ತೇಲಲೆಂದು ಇಟ್ಟಿದ್ದ ಬೆಂಡಿನ ಅಂಗಿಗಳು ಹಳತಾಗಿ ಮುಟ್ಟಿದರೆ ಪುಡಿಯಾಗುತ್ತಿದ್ದವು. ದಡ ಕಣ್ಣಿಗೆ ಕಾಣುತ್ತಿತ್ತು, ಆದರೆ ಈಜು ಬರುತ್ತಿದ್ದವರು ತೀರಾ ಕಮ್ಮಿ. ಸಾವಿರಕ್ಕೂ ಹೆಚ್ಚು ಜನ ಹೋದರು.

ಆ ಕಾಲದಲ್ಲಿ ಈಜು ಕಲಿಸುವುದು ಅಂದರೆ ಒಬ್ಬ ಗುರು, ಒಬ್ಬ ಶಿಷ್ಯ. ಸೊಂಟಕ್ಕೆ ಹಗ್ಗ ಕಟ್ಟಿ ಕಲಿಸುವುದು. ಜಾರ್ಜ್ ಕಾರ್ಸನ್ ಎಂಬ ಕೆನಡಾದ ಮೇಷ್ಟ್ರು ಇದನ್ನು ಬದಲಾಯಿಸಿದರು. 1909ರಲ್ಲಿ ಡೆಟ್ರಾಯಿಟ್‌ನ ವೈಎಂಸಿಎಯಲ್ಲಿ ಮಕ್ಕಳನ್ನು ಗುಂಪುಗುಂಪಾಗಿ ಮೊದಲು ನೆಲದ ಮೇಲೆ ನಿಲ್ಲಿಸಿ ಕೈ ಬೀಸುವುದು, ಕಾಲು ಬಡಿಯುವುದು ಹೇಳಿಕೊಟ್ಟರು. ಆಮೇಲೆ ನೀರಿಗಿಳಿಸಿದರು. ಇದೇ ಪದ್ಧತಿ ಕ್ಯಾಂಪುಗಳಿಗೂ ಬಂತು.

ಇನ್ನೊಬ್ಬರು ವಿಲ್ಬರ್ಟ್ ಲಾಂಗ್‌ಫೆಲೋ. 1914ರಲ್ಲಿ ರೆಡ್‌ಕ್ರಾಸ್ ಸೇರಿದರು. ಎಲ್ಲರೂ ಈಜಬೇಕು, ಈಜುವವರೆಲ್ಲ ಇನ್ನೊಬ್ಬರ ಜೀವ ಉಳಿಸಬೇಕು ಎಂದು ಊರೂರು ತಿರುಗಿದರು. ಕ್ಯಾಂಪಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೌನ್ಸೆಲರುಗಳಿಗೆ ಬೇಸಿಗೆಗೆ ಮುಂಚೆ ತರಬೇತಿ ಕೊಡುವ ಶಾಲೆಗಳನ್ನು ರೆಡ್‌ಕ್ರಾಸ್ ನಡೆಸಿತು. 1947ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಮುಳುಗಿ ಸಾಯುವವರ ಪ್ರಮಾಣ ದೇಶದಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು.

ಹೆಣ್ಣುಮಕ್ಕಳ ಕ್ಯಾಂಪುಗಳಲ್ಲೂ ಈಜು ಇತ್ತಾ?

ಇತ್ತು. ಲಾರಾ ಮ್ಯಾಟೂನ್ ಎಂಬ ಶಿಕ್ಷಕಿ 1902ರಲ್ಲಿ ನ್ಯೂಹ್ಯಾಂಪ್‌ಶೈರ್‌ನಲ್ಲಿ ಹುಡುಗಿಯರಿಗಾಗಿ ಕ್ಯಾಂಪ್ ಶುರು ಮಾಡಿದರು. ಆಗ ಹುಡುಗಿಯರು ನೀರಿಗಿಳಿಯುತ್ತಿದ್ದಿದ್ದು ಉಣ್ಣೆಯ ಬಟ್ಟೆಯಲ್ಲಿ, ಒದ್ದೆಯಾದರೆ ಅದೇ ಕೆಳಗೆ ಎಳೆಯುತ್ತಿತ್ತು. 1926ರ ಆಗಸ್ಟ್‌ನಲ್ಲಿ ಗರ್ಟ್ರೂಡ್ ಎಡರ್ಲಿ ಅಲ್ಲಿಯವರೆಗಿನ ಗಂಡಸರೆಲ್ಲರಿಗಿಂತ ಬೇಗ ಇಂಗ್ಲಿಷ್ ಕಾಲುವೆ ಈಜಿ ದಾಟಿದ ಮೇಲೆ "ಹುಡುಗಿಯರಿಗೆ ಯಾಕೆ ಈಜು" ಅನ್ನುವ ಮಾತು ತುಂಬ ಕಮ್ಮಿಯಾಯಿತು.

ಕೆರೆಯಲ್ಲಿ ಅಷ್ಟು ಮಕ್ಕಳನ್ನು ಹೇಗೆ ಕಾಯುತ್ತಿದ್ದರು?

ಮರದ ಹಲಗೆಯ ಕಟ್ಟೆಗಳನ್ನು ನೀರಿನೊಳಕ್ಕೆ ಚಾಚಿ ಕಟ್ಟುತ್ತಿದ್ದರು. ನಡುವೆ ಹಗ್ಗ, ಹಗ್ಗಕ್ಕೆ ಬೆಂಡು. ಈಜು ಬರದವರಿಗೆ ದಡದ ಹತ್ತಿರದ ಅಂಕಣ, ಅರ್ಧಂಬರ್ಧ ಬರುವವರಿಗೆ ಅದರಾಚೆಯದು, ಚೆನ್ನಾಗಿ ಬರುವವರಿಗೆ ಆಳದ ಕಡೆ. ಇದರ ಜೊತೆಗೆ ಜೋಡಿ ಪದ್ಧತಿ. ಪ್ರತಿ ಮಗುವಿಗೂ ಒಬ್ಬ ಜೊತೆಗಾರ. ಪ್ರತಿ ಮಗುವಿಗೂ ಒಂದು ಬಿಲ್ಲೆ. ನೀರಿಗಿಳಿಯುವಾಗ ಬಿಲ್ಲೆಯನ್ನು ಹಲಗೆಯ ಮೊಳೆಗೆ ತಗುಲಿಸಬೇಕು, ಮೇಲೆ ಬಂದಾಗ ತೆಗೆಯಬೇಕು. ಸ್ಕೌಟ್ ಶಿಬಿರಗಳಲ್ಲಿ ಈಗಲೂ ಹೀಗೇ. ಬಿಲ್ಲೆಯಲ್ಲಿ ಬಣ್ಣ ಇಲ್ಲದಿದ್ದರೆ ಈಜು ಬರದ ಮಗು, ಅರ್ಧ ಕೆಂಪಾಗಿದ್ದರೆ ಕಲಿಯುತ್ತಿರುವ ಮಗು, ಕೆಂಪು ನೀಲಿ ಎರಡೂ ಇದ್ದರೆ ಈಜುಗಾರ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಸೀಟಿ. ಸೀಟಿ ಕೇಳಿದ ಕೂಡಲೇ ಜೋಡಿಗಳು ಕೈ ಕೈ ಹಿಡಿದು ಮೇಲೆತ್ತಬೇಕು. ಎಣಿಕೆ ಬಿಲ್ಲೆಗಳ ಲೆಕ್ಕಕ್ಕೆ ಕೂಡಿ ಬರಬೇಕು.

ಇದರ ಬೆಲೆ ನನಗೆ ಗೊತ್ತಾಗಿದ್ದು ಮಗನ ಎರಡನೇ ವರ್ಷದ ಪೋಷಕರ ದಿನ. ಅವನಿಗೆ ಒಂಬತ್ತು ವರ್ಷ. ನಾನು ದಡದ ಬೆಂಚಿನ ಮೇಲೆ ಕೂತಿದ್ದೆ. ಆ ಕೆರೆಯ ನೀರು ಕೊಳಕಲ್ಲ, ಆದರೆ ಎಲೆ ಕೊಳೆತು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೊಣಕಾಲಿನ ಕೆಳಗೆ ಏನೂ ಕಾಣುತ್ತಿರಲಿಲ್ಲ. ಸೀಟಿ ಆಯಿತು, ಕೈಗಳು ಮೇಲೆ ಬಂದವು, ಎಣಿಸಿದರು. ಮತ್ತೆ ಎಣಿಸಿದರು. ಹಲಗೆಯ ಹತ್ತಿರ ನಿಂತಿದ್ದ ಹುಡುಗಿ 31 ಅಂತ ಕೂಗಿದಳು. 31 ನನ್ನ ಮಗನ ಬಿಲ್ಲೆ.

ಒಂದೇ ಉದ್ದ ಸೀಟಿ. ಎಲ್ಲ ಮಕ್ಕಳೂ ಮೇಲೆ ಬಂದರು. ದೊಡ್ಡ ಹುಡುಗರು, ಕೌನ್ಸೆಲರುಗಳು ಕೈಗೆ ಕೈ ಕೋದು ಸಾಲಾಗಿ ನೀರಿಗಿಳಿದರು. ತಳವನ್ನು ಕಾಲಲ್ಲಿ ಸವರುತ್ತಾ ಒಂದೊಂದೇ ಹೆಜ್ಜೆ ಮುಂದೆ ಹೋದರು. ಯಾರೂ ಮಾತಾಡುತ್ತಿರಲಿಲ್ಲ. ನನ್ನ ಬಾಯಿ ಒಣಗಿ ಹೋಗಿತ್ತು. ಅಷ್ಟರಲ್ಲಿ ಅವನು ಟಾಯ್ಲೆಟ್ಟಿನ ಕಡೆಯಿಂದ ಟವೆಲ್ ಹೊದ್ದುಕೊಂಡು ನಡೆದು ಬಂದ. ಬಿಲ್ಲೆ ತೆಗೆಯುವುದನ್ನು ಮರೆತಿದ್ದ. ಅಷ್ಟೇ. ಯಾರೂ ಅವನನ್ನು ಬೈಯಲಿಲ್ಲ. ಮೇಲ್ವಿಚಾರಕಿ ಅವನ ಕೈಯಲ್ಲೇ ಬಿಲ್ಲೆ ತೆಗೆಸಿ, ಎಲ್ಲರನ್ನೂ ಇನ್ನೊಮ್ಮೆ ಎಣಿಸಿ, ಆಮೇಲೆ ನೀರಿಗೆ ಬಿಟ್ಟರು.

ನಾವು ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತವರು. ಇವರದ್ದು ಅತಿಯಾಯ್ತು ಅಲ್ವಾ?

ನನ್ನ ಗಂಡನೂ ಇದೇ ಹೇಳುತ್ತಿದ್ದರು. ನಾನೂ ತೋಟದ ಬಾವಿಯಲ್ಲೇ ಕಲಿತವಳು. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಸೋದರಮಾವ ನೀರಿಗೆ ಬಿಡುತ್ತಿದ್ದರು. ಆದರೆ ಒಂದು ನೆನಪಿರಲಿ. ಹಗ್ಗದ ಇನ್ನೊಂದು ತುದಿ ಮಾವನ ಕೈಯಲ್ಲೇ ಇರುತ್ತಿತ್ತು, ಅವರ ಕಣ್ಣು ನನ್ನ ಮೇಲೇ ಇರುತ್ತಿತ್ತು. ಒಂದು ಮಗುವಿಗೆ ಒಬ್ಬ ಮಾವ. ಸ್ಕೌಟ್ ಶಿಬಿರದ ನಿಯಮದಲ್ಲಿ ಹತ್ತು ಮಕ್ಕಳಿಗೆ ಒಬ್ಬ ರಕ್ಷಕ. ಆ ಹಗ್ಗದ ಕೆಲಸವನ್ನು ಇಲ್ಲಿ ಬಿಲ್ಲೆ, ಸೀಟಿ, ಜೊತೆಗಾರ ಸೇರಿ ಮಾಡಬೇಕು.

ಇನ್ನೊಂದು ವಿಷಯ. ಮುಳುಗುವ ಮಗು ಕೂಗುವುದಿಲ್ಲ. ಫ್ರಾಂಕ್ ಪಿಯಾ ಎಂಬ ಲೈಫ್‌ಗಾರ್ಡ್ ನ್ಯೂಯಾರ್ಕ್‌ನ ಆರ್ಚರ್ಡ್ ಬೀಚಿನಲ್ಲಿ ನಿಜವಾಗಿ ಮುಳುಗುತ್ತಿದ್ದವರನ್ನು ಕಾಪಾಡುವ ದೃಶ್ಯಗಳ ಚಿತ್ರ ತೆಗೆದು ನೋಡಿದರು. ಬಾಯಿ ನೀರಿನ ಮೇಲೆ ಬಂದಷ್ಟು ಹೊತ್ತೂ ಉಸಿರಿಗೇ ಸಾಲದು, ಕೂಗುವುದೆಲ್ಲಿ? ಕೈ ಬೀಸಲೂ ಆಗುವುದಿಲ್ಲ, ನೀರನ್ನು ಕೆಳಕ್ಕೆ ಒತ್ತುತ್ತಿರುತ್ತಾರೆ. ಸಮಯ 20ರಿಂದ 60 ಸೆಕೆಂಡು ಮಾತ್ರ. ಸದ್ದಾದರೆ ಓಡಿ ಹೋಗೋಣ ಅಂತ ಕಾಯುವ ಹಾಗೇ ಇಲ್ಲ.

ಹಾಗಿದ್ದರೆ ಕೆರೆ ಬಿಟ್ಟು ಪೂಲ್ ಕಟ್ಟಿದ್ದು ಇದಕ್ಕೇನಾ?

ದೊಡ್ಡ ಕಾರಣ ಇದೇ. ಪೂಲಿನಲ್ಲಿ ತಳ ಕಾಣುತ್ತದೆ. ಆದರೆ ಅದು ಒಂದೇ ದಿನಕ್ಕೆ ಆಗಿದ್ದಲ್ಲ.

ವೈಎಂಸಿಎಯ ಮೊದಲ ಕೊಳ 1885ರ ಸುಮಾರಿಗೇ ಬ್ರೂಕ್ಲಿನ್‌ನಲ್ಲಿ ಬಂತು, ಅದು ಕಟ್ಟಡದ ಒಳಗೆ. ಹಳೆಯ ಕೊಳಗಳಿಗೆ ನೀರು ತುಂಬಿಸಿ, ಕೆಲವು ದಿನ ಈಜಿ, ಗಲೀಜಾದ ಮೇಲೆ ಖಾಲಿ ಮಾಡಿ ತೊಳೆದು ಮತ್ತೆ ತುಂಬಿಸುತ್ತಿದ್ದರು. ಕ್ಯಾಂಪುಗಳಲ್ಲಿ ಕೆಲವರು ತೊರೆಗೆ ಅಡ್ಡ ಕಟ್ಟೆ ಹಾಕಿ ಕೊಳ ಮಾಡಿಕೊಂಡರು. 1908ರಲ್ಲಿ ಜರ್ಸಿ ಸಿಟಿಯ ಕುಡಿಯುವ ನೀರಿಗೆ ಕ್ಲೋರಿನ್ ಹಾಕಲು ಶುರು ಮಾಡಿದರು. ಎರಡು ಮೂರು ವರ್ಷದಲ್ಲೇ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೂ ಅದನ್ನು ಹಾಕಿ ನೋಡಿದರು. ಆಮೇಲೆ ಒಂದೇ ನೀರನ್ನು ಸೋಸಿ, ಶುದ್ಧ ಮಾಡಿ ಇಡೀ ಬೇಸಿಗೆ ಬಳಸುವುದು ಸಾಧ್ಯವಾಯಿತು.

ಕೊಳ ಕಟ್ಟುವ ಖರ್ಚು ಇಳಿಸಿದ್ದರಲ್ಲಿ ಒಬ್ಬ ಟ್ಯಾಕ್ಸಿಡರ್ಮಿಸ್ಟ್‌ನ ಪಾಲಿದೆ ಅಂದರೆ ನಂಬುತ್ತೀರಾ? ಕಾರ್ಲ್ ಏಕ್ಲಿ. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುತ್ತಿದ್ದವರು. ಮ್ಯೂಸಿಯಂ ಗೋಡೆ ಉದುರುತ್ತಿದ್ದಾಗ ಗಾರೆಯನ್ನು ಗಾಳಿಯ ಒತ್ತಡದಲ್ಲಿ ಎರಚುವ ಯಂತ್ರ ಮಾಡಿದರು. 1911ರಲ್ಲಿ ಪೇಟೆಂಟ್ ಸಿಕ್ಕಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ವಿಧಾನದಲ್ಲಿ, ಕಬ್ಬಿಣದ ಸರಳು ಹೆಣೆದು ಅದರ ಮೇಲೆ ಸಿಮೆಂಟ್ ಎರಚಿ, ಬೇಕಾದ ಆಕಾರದ ಕೊಳಗಳನ್ನು ಕಟ್ಟತೊಡಗಿದರು. ಊರಾಚೆ ಬಡಾವಣೆಗಳು ಬೆಳೆದ ಕಾಲ ಅದು. ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಾಯಂಕಾಲ ಮನೆಗೆ ಬರುವ ಡೇ ಕ್ಯಾಂಪುಗಳು ಹೆಚ್ಚಾದವು. ಅಲ್ಲಿ ಕೆರೆ ಎಲ್ಲಿಂದ ತರುವುದು?

ಕ್ಲೋರಿನ್ ವಾಸನೆ ಜೋರಾಗಿದ್ದರೆ ಪೂಲ್ ಕ್ಲೀನ್ ಅಂತಾನಾ?

ಅಲ್ಲ, ಉಲ್ಟಾ. ಮೂಗಿಗೆ ಅಡರುವ ಆ ವಾಸನೆ ಕ್ಲೋರಿನ್ನಿನದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳದ್ದು. ಕಣ್ಣು ಉರಿಯುವುದೂ ಅದರಿಂದಲೇ. ಮಗುವಿಗೆ ಸ್ನಾನ ಮಾಡಿಯೇ ನೀರಿಗಿಳಿ, ನಡುವೆ ಟಾಯ್ಲೆಟ್ಟಿಗೆ ಹೋಗಿ ಬಾ ಅಂತ ಹೇಳಿ ಕಳಿಸಿ. ಬಿಲ್ಲೆ ತೆಗೆದು ಹೋಗು ಅಂತಲೂ ಹೇಳಿ. ಬೇಧಿ ಆಗಿದ್ದರೆ ಕಳಿಸಲೇಬೇಡಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕುತ್ತದೆ.

ಕ್ಯಾಂಪಿನ ಫಾರ್ಮಿನಲ್ಲಿ ಪೋಲಿಯೊ ಲಸಿಕೆಯ ತಾರೀಖು ಯಾಕೆ ಕೇಳುತ್ತಾರೆ?

ಈ ದೇಶದ ತಾಯಂದಿರಿಗೆ ಬೇಸಿಗೆ ಅಂದರೆ ಪೋಲಿಯೊ ಅನ್ನುವ ಕಾಲವಿತ್ತು. 1916ರಲ್ಲಿ ಅಮೆರಿಕದಲ್ಲಿ 27,000ಕ್ಕೂ ಹೆಚ್ಚು ಜನಕ್ಕೆ ಕಾಯಿಲೆ ಬಂತು, ಸುಮಾರು 6,000 ಜನ ಸತ್ತರು. ನ್ಯೂಯಾರ್ಕ್ ನಗರದಿಂದ ಹೊರಗೆ ಹೋಗುವ ಮಕ್ಕಳಿಗೆ ಆರೋಗ್ಯದ ಸರ್ಟಿಫಿಕೇಟ್ ಬೇಕಿತ್ತು.

ಕ್ಯಾಂಪಿಗೂ ಪೋಲಿಯೊಗೂ ಇರುವ ನಂಟಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು, ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್. 1921ರ ಜುಲೈ ಕೊನೆಯಲ್ಲಿ ಅವರು ನ್ಯೂಯಾರ್ಕ್ ಹತ್ತಿರ ಬೇರ್ ಮೌಂಟನ್‌ನ ಸ್ಕೌಟ್ ಶಿಬಿರಕ್ಕೆ ಅತಿಥಿಯಾಗಿ ಹೋಗಿದ್ದರು. ಎರಡು ವಾರಕ್ಕೆ, ಕಾಂಪೊಬೆಲ್ಲೊ ದ್ವೀಪದಲ್ಲಿ ಮಕ್ಕಳ ಜೊತೆ ಈಜಿ ಬಂದ ಸಾಯಂಕಾಲ ಚಳಿ ಹತ್ತಿತು. ಆಮೇಲೆ ಕಾಲು ಏಳಲಿಲ್ಲ. ಶಿಬಿರದಲ್ಲೇ ವೈರಸ್ ತಗುಲಿರಬೇಕು ಅಂತ ಇತಿಹಾಸಕಾರರು ಹೇಳುತ್ತಾರೆ. ಅದು ಪೋಲಿಯೊ ಅಲ್ಲ, ಬೇರೆ ಕಾಯಿಲೆ ಅನ್ನುವ ವೈದ್ಯರೂ ಇದ್ದಾರೆ. ರೂಸ್‌ವೆಲ್ಟ್ ಮತ್ತೆ ಕಾಲಿಗೆ ಬಲ ಹುಡುಕಿಕೊಂಡು ಹೋಗಿದ್ದೂ ನೀರಿಗೇ. 1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನ ಬೆಚ್ಚನೆಯ ಕೊಳಕ್ಕೆ ಹೋದರು. 1926ರಲ್ಲಿ ಆ ಜಾಗವನ್ನೇ ಕೊಂಡು ಪೋಲಿಯೊ ಆದವರಿಗೆ ಚಿಕಿತ್ಸಾ ಕೇಂದ್ರ ಮಾಡಿದರು.

1952ರಲ್ಲಿ ಮತ್ತೆ ಸುಮಾರು 58,000 ಜನಕ್ಕೆ ಬಂತು. ಊರೂರಿನ ಪೂಲುಗಳು ಬಾಗಿಲು ಹಾಕಿದವು. ಕೆಲವು ಕ್ಯಾಂಪುಗಳು ನಡುವೆಯೇ ಮುಚ್ಚಿದವು, ಇನ್ನು ಕೆಲವು ಕ್ಯಾಂಪುಗಳು ಪೋಷಕರು ಬರುವುದನ್ನೇ ನಿಲ್ಲಿಸಿದವು. ಸಾಕಷ್ಟು ಕ್ಲೋರಿನ್ ಇರುವ ನೀರಿನಲ್ಲಿ ಪೋಲಿಯೊ ವೈರಸ್ ಉಳಿಯುವುದಿಲ್ಲ. ಆದರೆ ಹೆದರಿದ ತಾಯಿಗೆ ಈ ಮಾತು ಎಷ್ಟು ಸಮಾಧಾನ ಕೊಟ್ಟೀತು? 1955ರ ಏಪ್ರಿಲ್ 12ರಂದು ಸಾಲ್ಕ್ ಲಸಿಕೆ ಕೆಲಸ ಮಾಡುತ್ತದೆ ಎಂದು ಘೋಷಿಸಿದಾಗ ಚರ್ಚುಗಳಲ್ಲಿ ಗಂಟೆ ಬಾರಿಸಿದರಂತೆ. ಊರಿನಿಂದ ಬಂದವರು ಪೋಲಿಯೊ ಹನಿ ಹಾಕಿಸಿದ ಕಾರ್ಡನ್ನು ಮಕ್ಕಳ ಡಾಕ್ಟರಿಗೆ ಮೊದಲೇ ತೋರಿಸಿ. ಜೂನ್‌ವರೆಗೆ ಬಿಟ್ಟರೆ ಒದ್ದಾಟ.

ಎಲ್ಲ ಮಕ್ಕಳಿಗೂ ಈ ಕೊಳಗಳಲ್ಲಿ ಜಾಗ ಇತ್ತಾ?

ಇರಲಿಲ್ಲ. ಇದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು ಅಂತ ನನಗನ್ನಿಸುತ್ತದೆ. ಕೆರೆ ಬಾವಿಯ ನೀರು ಮುಟ್ಟಬೇಡ ಅನ್ನಿಸಿಕೊಂಡವರ ಕಥೆ ನಮ್ಮ ಊರುಗಳಲ್ಲೂ ಇದೆ.

ಕಪ್ಪು ಮಕ್ಕಳನ್ನು ಬಿಳಿಯರ ಕ್ಯಾಂಪುಗಳು ಸೇರಿಸುತ್ತಿರಲಿಲ್ಲ. ಅದಕ್ಕೇ 1921ರಲ್ಲಿ ಪಾದ್ರಿ ವಿಲಿಯಂ ಡಿಬೆರಿ ಮೆಸಾಚುಸೆಟ್ಸ್‌ನ ಒಂದು ಕೆರೆ ದಡದಲ್ಲಿ ಕಪ್ಪು ಮಕ್ಕಳಿಗಾಗಿ ಕ್ಯಾಂಪ್ ಶುರು ಮಾಡಿದರು. ಈಗ ಅದರ ಹೆಸರು ಕ್ಯಾಂಪ್ ಆಟ್‌ವಾಟರ್. ಊರಿನ ಪೂಲುಗಳಲ್ಲಿ ಇನ್ನೂ ಕಷ್ಟ. ಮಿಸಿಸಿಪ್ಪಿಯ ಜಾಕ್ಸನ್ ನಗರ ಕಪ್ಪು ಮಕ್ಕಳನ್ನು ಒಳಗೆ ಬಿಡುವ ಬದಲು ಎಲ್ಲರಿಗೂ ಕೊಳಗಳನ್ನೇ ಮುಚ್ಚಿತು. 1971ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಅದು ತಪ್ಪಲ್ಲ ಅಂದಿತು.

ಹಳೇ ಕಥೆ ಬಿಡಿ ಅನ್ನಬೇಡಿ. 2009ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ಒಂದು ಡೇ ಕ್ಯಾಂಪಿನ 60ಕ್ಕೂ ಹೆಚ್ಚು ಮಕ್ಕಳು, ಹೆಚ್ಚಿನವರು ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು, ದುಡ್ಡು ಕಟ್ಟಿ ಹತ್ತಿರದ ಖಾಸಗಿ ಕ್ಲಬ್ಬಿನ ಪೂಲಿಗೆ ಹೋದರು. ಒಂದೇ ಸಲ. ಆಮೇಲೆ ಬರಬೇಡಿ ಅಂತ ದುಡ್ಡು ವಾಪಸ್ ಕೊಟ್ಟರು. ಕೇಂದ್ರದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿತು. 2012ರಲ್ಲಿ ಸುಮಾರು 11 ಲಕ್ಷ ಡಾಲರಿಗೆ ರಾಜಿಯಾಯಿತು.

ಇದರ ಫಲ ಈಗಲೂ ಇದೆ. ಅಜ್ಜ ಅಜ್ಜಿ ಇಬ್ಬರನ್ನೂ ನೀರಿಗೆ ಬಿಡಲಿಲ್ಲ, ಅಪ್ಪ ಅಮ್ಮ ಕಲಿಯಲಿಲ್ಲ, ಮಗುವಿಗೂ ಬರುವುದಿಲ್ಲ. 10ರಿಂದ 14 ವಯಸ್ಸಿನ ಕಪ್ಪು ಮಕ್ಕಳು ಈಜುಕೊಳಗಳಲ್ಲಿ ಮುಳುಗಿ ಸಾಯುವ ಪ್ರಮಾಣ ಬಿಳಿ ಮಕ್ಕಳಿಗಿಂತ 7.6 ಪಟ್ಟು ಜಾಸ್ತಿ ಎಂದು ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ.

ಪೂಲಿನ ತಳದ ಜಾಲರಿ ಅಪಾಯ ಅಂತಾರಲ್ಲ, ನಿಜಾನಾ?

ಹಿಂದೆ ನಿಜವಾಗಿಯೂ ಅಪಾಯವಿತ್ತು. ನೀರು ಎಳೆದುಕೊಳ್ಳುವ ರಂಧ್ರಕ್ಕೆ ಮಗುವಿನ ಮೈ ಅಂಟಿಕೊಂಡರೆ ದೊಡ್ಡವರು ಎಳೆದರೂ ಬಿಡಿಸಲಾಗುತ್ತಿರಲಿಲ್ಲ. 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ತೊಟ್ಟಿಯಲ್ಲಿ ಹೀಗೆ ಸತ್ತಳು. ಅವಳ ತಾಯಿ ಬಿಡದೆ ಹೋರಾಡಿದರು. 2007ರ ಡಿಸೆಂಬರ್‌ನಲ್ಲಿ ಅವಳ ಹೆಸರಿನಲ್ಲೇ ಕಾನೂನಾಯಿತು. ಮೈ ಅಂಟಿಕೊಳ್ಳದ ಹಾಗೆ ಮಾಡಿದ ಮುಚ್ಚಳವನ್ನು ಸಾರ್ವಜನಿಕ ಪೂಲುಗಳೆಲ್ಲ 2008ರ ಡಿಸೆಂಬರ್‌ನಿಂದ ಹಾಕಿರಲೇಬೇಕು. ಆದರೂ ಉದ್ದ ಕೂದಲಿನ ಹೆಣ್ಣುಮಕ್ಕಳಿಗೆ ಜಡೆ ಸುತ್ತಿ ಕ್ಯಾಪ್ ಹಾಕಿ ಕಳಿಸಿ.

ಕೆರೆಯೊಂದೇ ಇರುವ ಕ್ಯಾಂಪಿಗೆ ಕಳಿಸಬಾರದಾ?

ಖಂಡಿತ ಕಳಿಸಬಹುದು. ಕೆರೆಯಲ್ಲಿ ಈಜಿದ ಮಗುವಿಗೆ ಸಿಗುವ ಧೈರ್ಯವೇ ಬೇರೆ. ಬಿಲ್ಲೆ ಹಲಗೆ ಎಲ್ಲಿದೆ, ಎಷ್ಟು ಹೊತ್ತಿಗೊಮ್ಮೆ ಎಣಿಸುತ್ತೀರಿ, ಈಜು ಬರದವರಿಗೆ ಲೈಫ್ ಜಾಕೆಟ್ ಕೊಡುತ್ತೀರಾ ಅಂತ ಕೇಳಿ. ಮೆಸಾಚುಸೆಟ್ಸ್‌ನಲ್ಲಿ 2012ರಿಂದ ಕ್ರಿಶ್ಚಿಯನ್ಸ್ ಲಾ ಅಂತ ಕಾನೂನೇ ಇದೆ. ಕ್ಯಾಂಪಿನ ಕೆರೆಯಲ್ಲಿ ತೀರಿಹೋದ ನಾಲ್ಕು ವರ್ಷದ ಮಗುವಿನ ಹೆಸರು ಅದು. ಮಗುವಿಗೆ ಈಜು ಎಷ್ಟು ಬರುತ್ತದೆ ಅಂತ ಮೊದಲೇ ಪರೀಕ್ಷಿಸಿ, ಬೇಕಾದವರಿಗೆ ಮೈಗೆ ಸರಿಹೊಂದುವ ಜಾಕೆಟ್ ಕೊಡಬೇಕು.

ಮೊದಲ ದಿನದ ಈಜು ಪರೀಕ್ಷೆಯಲ್ಲಿ ಏನಿರುತ್ತದೆ? ಪಾಸಾಗದಿದ್ದರೆ?

ಕ್ಯಾಂಪಿನಿಂದ ಕ್ಯಾಂಪಿಗೆ ಬೇರೆ. ಸ್ಕೌಟ್‌ಗಳದ್ದು ಹೀಗಿದೆ: ತಲೆ ಮುಳುಗುವ ಆಳಕ್ಕೆ ಕಾಲು ಮೊದಲಾಗಿ ಜಿಗಿಯಬೇಕು. 75 ಗಜ ಚುರುಕಾಗಿ ಈಜಬೇಕು. ಆಮೇಲೆ 25 ಗಜ ಅಂಗಾತ, ದಣಿವಾರಿಸಿಕೊಳ್ಳುತ್ತಾ. ಕೊನೆಗೆ ಅಲುಗಾಡದೆ ತೇಲಬೇಕು. ನಮ್ಮ ಮಕ್ಕಳು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಆ ಕೊನೆಯ ತೇಲುವುದರಲ್ಲಿ. ಕ್ಲಾಸಿನಲ್ಲಿ ಬೇಗ ಈಜುವುದನ್ನು ಕಲಿಸಿರುತ್ತಾರೆ, ಸುಮ್ನೆ ಇರುವುದನ್ನು ಕಲಿಸಿರುವುದಿಲ್ಲ. ಮನೆ ಹತ್ತಿರದ ಪೂಲಿನಲ್ಲಿ ಎರಡು ಭಾನುವಾರ ಅದೊಂದನ್ನೇ ಮಾಡಿಸಿ.

ಪಾಸಾಗದಿದ್ದರೆ ಮೂರೂವರೆ ಅಡಿ ಆಳದ ಅಂಕಣದಲ್ಲಿ ಆಡುತ್ತಾರೆ, ದಿನಾ ಪಾಠ ಇರುತ್ತದೆ, ಮತ್ತೆ ಪರೀಕ್ಷೆ ಕೊಡಬಹುದು. ನನ್ನ ಮಗಳಿಗೆ ಮೊದಲ ವಾರ ಬಣ್ಣವಿಲ್ಲದ ಬಿಲ್ಲೆ ಸಿಕ್ಕಿತು ಅಂತ ಅತ್ತಿದ್ದಳು. ಎರಡನೇ ವಾರದ ಗುರುವಾರ ಕೌನ್ಸೆಲರ್ ಒಂದು ಕೆಂಪು ಮಾರ್ಕರ್ ಕೊಟ್ಟು, ಅರ್ಧ ಬಿಲ್ಲೆಗೆ ನೀನೇ ಬಣ್ಣ ಹಚ್ಚು ಅಂದರಂತೆ. ಮನೆಗೆ ಬಂದಾಗಲೂ ಬೆರಳ ತುದಿ ಕೆಂಪಾಗಿಯೇ ಇತ್ತು.